ಹಣ್ಣಿನ ಕಾಲ, ನಡಿಗೆಯ ಕಾಲ

ಸಹ್ಯಾದ್ರಿಯಲ್ಲಿ ಚಾರಣದ ಹಂಗಾಮು ಶುರುವಾಗುವುದು ಮಳೆ ಹಿಂದೆ ಸರಿದ ಮೇಲೆ. ದಸರೆ ರಜೆಯಿಂದ ಹಿಡಿದು ಸಂಕ್ರಾಂತಿ ಕಳೆಯುವವರೆಗೆ ಕೊಡಚಾದ್ರಿ, ಕುದುರೆಮುಖ, ಕುಮಾರಪರ್ವತದ ಕಾಲುದಾರಿಗಳಲ್ಲಿ ಜನವೋ ಜನ. ಹುಲ್ಲುಗಾವಲು ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಬೆಳಗಿನ ಹೊತ್ತು ಕಣಿವೆ ತುಂಬ ಮಂಜು. ಇಷ್ಟು ಸೊಂಪಾದ ಕಾಡಿನಲ್ಲಿ ದಿನವಿಡೀ ನಡೆದರೂ ಬಾಯಿಗೆ ಹಾಕಿಕೊಳ್ಳಲು ಹಣ್ಣು ಸಿಗುವುದು ಅಪರೂಪ. ಅದೇ ದಾರಿಯಲ್ಲಿ ಏಪ್ರಿಲ್ ಕೊನೆಗೆ ಹೋದರೆ ಹುಲ್ಲು ಒಣಗಿ ಕಂದಾಗಿರುತ್ತದೆ, ಹಳ್ಳದಲ್ಲಿ ಬಂಡೆ ಮಾತ್ರ ಉಳಿದಿರುತ್ತದೆ. ಆದರೆ ಬಯಲಿನ ಪೊದೆಗಳಲ್ಲಿ ಕವಳಿ ಕಪ್ಪಗೆ ಹಣ್ಣಾಗಿರುತ್ತದೆ, ಮುರುಗಲ ಮರದ ಕೆಳಗೆ ನೆಲ ಕೆಂಪಾಗಿರುತ್ತದೆ, ಹಲಸಿನ ವಾಸನೆ ಅರ್ಧ ಮೈಲಿಯಿಂದಲೇ ಬರುತ್ತದೆ. ಹಲವು ಚಾರಣದ ದಾರಿಗಳು ಆ ಹೊತ್ತಿಗೆ ಕಾಡ್ಗಿಚ್ಚಿನ ಭಯದಿಂದ ಮುಚ್ಚಿರುತ್ತವೆ.

ಹಸಿರು ತುಂಬಿರುವಾಗ ಹಣ್ಣಿಲ್ಲ, ಹಣ್ಣು ತುಂಬಿರುವಾಗ ನಡೆಯುವವರಿಲ್ಲ. ದೂರದ ನಡಿಗೆಯಲ್ಲಿ ತಾಜಾ ಹಣ್ಣು ತಿನ್ನಬೇಕೆಂಬ ಆಸೆ ಇರುವವರು ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ಈ ಹೊಂದಾಣಿಕೆಯಾಗದ ಎರಡು ಪಂಚಾಂಗಗಳನ್ನು. ನಮ್ಮ ಪಂಚಾಂಗ ರಜೆ ಮತ್ತು ನೋಟವನ್ನು ನೆಚ್ಚಿಕೊಂಡದ್ದು. ಮರದ ಪಂಚಾಂಗವನ್ನು ಗೊತ್ತುಮಾಡುವುದು ಅದರ ಬೀಜ.

ಹಲಸಿನ ಹಣ್ಣು ತುಸು ಬಲಿತು ಹೋಗಿದ್ದರೆ, ಬಿಡಿಸುವಾಗ ತೊಳೆಯೊಳಗಿನ ಬೀಜ ಆಗಲೇ ಮೊಳಕೆಯೊಡೆದಿರುವುದನ್ನು ಮಲೆನಾಡಿನ ಮನೆಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಬೀಜಕ್ಕೆ ಅಷ್ಟು ಅವಸರ. ನಮ್ಮ ಕಣಜದಲ್ಲಿರುವ ಭತ್ತ, ರಾಗಿ, ತೊಗರಿಗಳ ಬೀಜ ಹೀಗಲ್ಲ. ಬಲಿಯುವಾಗಲೇ ಒಣಗುತ್ತಾ ಬಂದು, ಕೊನೆಗೆ ತೂಕದ ಹತ್ತನೇ ಒಂದು ಪಾಲು ನೀರನ್ನಷ್ಟೇ ಉಳಿಸಿಕೊಂಡು, ವರ್ಷಗಟ್ಟಲೆ ಜೀವ ಹಿಡಿದುಕೊಂಡು ಕೂರುತ್ತವೆ. ಹಲಸು, ಮಾವು, ನೇರಳೆ, ಮುರುಗಲುಗಳ ಬೀಜಕ್ಕೆ ಒಣಗಿ ಬದುಕುವ ಈ ವಿದ್ಯೆ ಇಲ್ಲ. ಮರದಿಂದ ಬೀಳುವಾಗಲೇ ಅವುಗಳ ತುಂಬ ನೀರಿರುತ್ತದೆ, ಒಳಗೆ ಚಟುವಟಿಕೆ ನಡೆದೇ ಇರುತ್ತದೆ. ಆ ನೀರು ಆರಿತೆಂದರೆ ಜೀವಕೋಶಗಳ ಪೊರೆಗಳು ಹರಿದು ಬೀಜ ಸಾಯುತ್ತದೆ. ರಾಬರ್ಟ್ಸ್ ಎಂಬ ಬ್ರಿಟಿಷ್ ವಿಜ್ಞಾನಿ 1973ರಲ್ಲಿ ಬೀಜಗಳನ್ನು ಹೀಗೆ ಎರಡು ಗುಂಪು ಮಾಡಿ, ಒಣಗಲೊಲ್ಲದವನ್ನು ರಿಕ್ಯಾಲ್ಸಿಟ್ರೆಂಟ್ ಬೀಜಗಳೆಂದು ಕರೆದರು. ಬೀಜ ಬ್ಯಾಂಕುಗಳಲ್ಲಿ ಇಂಥವನ್ನು ಇಡುವುದು ಇಂದಿಗೂ ದೊಡ್ಡ ತಲೆನೋವು.

ಇಂಥ ಬೀಜ ಹೊತ್ತ ಮರ ಅಕ್ಟೋಬರಿನಲ್ಲಿ ಹಣ್ಣು ಉದುರಿಸಿದರೆ ಏನಾದೀತು? ಮುಂದೆ ಏಳೆಂಟು ತಿಂಗಳು ಮಳೆಯಿಲ್ಲ. ಬೀಜ ಮೊಳೆತರೂ ಸಸಿಯ ಬೇರು ಆಳಕ್ಕೆ ಇಳಿಯುವ ಮೊದಲೇ ಮೇಲ್ಮಣ್ಣು ಬಿರುಕು ಬಿಟ್ಟಿರುತ್ತದೆ. ಮೇ ಕೊನೆಗೋ ಜೂನ್ ಮೊದಲ ವಾರಕ್ಕೋ ಉದುರಿಸಿದರೆ ಮುಂಗಾರು ಬಾಗಿಲಲ್ಲೇ ಇರುತ್ತದೆ. ಬಿದ್ದ ಬೀಜ ಒದ್ದೆ ತರಗೆಲೆಯ ಕೆಳಗೆ ಸೇರಿ ನಾಲ್ಕು ತಿಂಗಳ ಮಳೆಯನ್ನು ಪೂರಾ ಕುಡಿಯುತ್ತದೆ. ಪಶ್ಚಿಮ ಘಟ್ಟದ ರಸಭರಿತ ಹಣ್ಣುಗಳಲ್ಲಿ ಬಹುಪಾಲು ಮಾರ್ಚಿನಿಂದ ಜುಲೈ ಒಳಗೆ ಮುಗಿದುಹೋಗುವುದಕ್ಕೆ ಇದು ಬಹುಮುಖ್ಯ ಕಾರಣ. ವರ್ಷದಲ್ಲೇ ಅತಿ ಒಣ ತಿಂಗಳಿನಲ್ಲಿ, ಎಲೆ ಬಾಡುತ್ತಿರುವಾಗ, ಮರ ತನ್ನ ಆಳದ ಬೇರಿನಿಂದ ನೀರೆತ್ತಿ ಹಣ್ಣಿಗೆ ತುಂಬುತ್ತದೆ. ಬಿರುಬಿಸಿಲಿನಲ್ಲಿ ಸಿಗುವ ಒಂದು ಹಿಡಿ ನೇರಳೆ ಎಂದರೆ ಮರ ತನ್ನ ಬೀಜ ಸಾಗಿಸುವವರಿಗೆ ಕೊಟ್ಟ ಕೂಲಿ, ಅದೂ ನೀರಿನ ರೂಪದ ಕೂಲಿ.

ಹಾಗಾದರೆ ಚಳಿಗಾಲದ ಚಾರಣಿಗರಿಗೆ ಏನೂ ಇಲ್ಲವೇ ಎಂದರೆ, ಇದೆ. ಒಣಗಿ ಕಾಯಬಲ್ಲ ಬೀಜದ ಹಣ್ಣುಗಳಿವೆ. ಎಲಚಿ, ನೆಲ್ಲಿ ಆ ಜಾತಿಯವು. ಎರಡರ ಬೀಜವೂ ಕಲ್ಲಿನಂಥ ಓಟೆಯೊಳಗೆ ಭದ್ರ. ಡಿಸೆಂಬರ್, ಜನವರಿಯಲ್ಲಿ ಉದುರಿದರೂ ಮಳೆ ಬರುವವರೆಗೆ ತಾಳಿಕೊಳ್ಳುತ್ತದೆ. ನಮ್ಮ ಹಬ್ಬಗಳು ಈ ಲೆಕ್ಕವನ್ನು ಮರೆಯದೆ ಇಟ್ಟುಕೊಂಡಿವೆ. ಕಾರ್ತಿಕದ ತುಳಸಿ ಪೂಜೆಗೆ ಕಾಯಿ ಸಮೇತ ನೆಲ್ಲಿ ಕೊಂಬೆ ಬೇಕು. ಹಳೇ ಮೈಸೂರು ಕಡೆ ಸಂಕ್ರಾಂತಿಯ ಸಂಜೆ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು ಎರೆಯುತ್ತಾರೆ. ಬಯಲುಸೀಮೆಯ ಕುರುಚಲು ಗುಡ್ಡಗಳಲ್ಲಿ ಚಳಿಗಾಲಕ್ಕೆ ನಡೆಯುವವರು ಈ ಎರಡು ಗಿಡಗಳನ್ನು ದೂರದಿಂದಲೇ ಗುರುತಿಸಲು ಕಲಿತಿದ್ದರೆ ಸಾಕು.

ಕಾಡಿನ ನೆಲ್ಲಿಕಾಯಿ ಪೇಟೆಯ ನೆಲ್ಲಿಕಾಯಿಯ ಅರ್ಧದಷ್ಟೂ ಇರುವುದಿಲ್ಲ. ಕಲ್ಲುನೆಲದ ಇಳಿಜಾರಿನಲ್ಲಿ, ಅರೆಬೋಳಾದ ಮರದಲ್ಲಿ, ಗರಿಯಂಥ ಎಲೆಗಳ ನಡುವೆ ಕೊಂಬೆಗೇ ಅಂಟಿಕೊಂಡಂತೆ ಸಾಲಾಗಿ ಕೂತಿರುತ್ತದೆ. ಮೈ ಮೇಲೆ ಮೇಲಿನಿಂದ ಕೆಳಗೆ ಆರು ಗೆರೆ, ತಿಳಿಹಸಿರು ಬಣ್ಣ, ಬಿಸಿಲು ತಾಗಿದ ಕಡೆ ಸ್ವಲ್ಪ ಕೆಂಪು. ಕಚ್ಚಿದ ಕೂಡಲೇ ಬಾಯಿ ಒಗರಿನಿಂದ ಬಿಗಿಯುತ್ತದೆ. ನೆಲ್ಲಿಯ ಟ್ಯಾನಿನ್‌ಗಳು ಎಂಜಲಿನ ಪ್ರೋಟೀನುಗಳನ್ನು ಹಿಡಿದು ಗಂಟು ಕಟ್ಟುವುದರಿಂದ ನಾಲಿಗೆಯ ಮೇಲಿನ ಜಾರುವ ಪದರ ಮಾಯವಾಗಿ ಬಾಯಿ ತರಿತರಿಯಾಗುತ್ತದೆ. ಆಮೇಲೆ ಹುಳಿ. ಅದರ ಮೇಲೆ ಒಂದು ಗುಟುಕು ನೀರು ಕುಡಿದರೆ ನೀರೇ ಸಿಹಿ. ಹಳ್ಳದ ಸಪ್ಪೆ ನೀರು ಕುಡಿದು ಬೇಸತ್ತವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ದಾರಿಯಲ್ಲಿ ಸಿಗಲಾರದು.

ನೂರು ಗ್ರಾಂ ನೆಲ್ಲಿಯಲ್ಲಿ ವಿಟಮಿನ್ ಸಿ 200ರಿಂದ 600 ಮಿಲಿಗ್ರಾಂವರೆಗೆ ಇರುವುದಾಗಿ ಬೇರೆ ಬೇರೆ ಅಳತೆಗಳು ಹೇಳುತ್ತವೆ. ತಳಿ, ಮಣ್ಣು, ಬಲಿತ ಹದ, ಅಳೆಯುವ ವಿಧಾನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಅಂದರೆ ಕಾಡುನೆಲ್ಲಿ ಕೈತುಂಬ ಸಿಕ್ಕರೆ ದಿನದ ಅಗತ್ಯ ತೀರಿತು. ದನ, ಆಡು, ನಾಯಿಗಳಿಗೆ ಈ ತಾಪತ್ರಯವೇ ಇಲ್ಲ. ತಮಗೆ ಬೇಕಾದ ವಿಟಮಿನ್ ಸಿಯನ್ನು ಅವು ಪಿತ್ತಜನಕಾಂಗದಲ್ಲೇ ತಯಾರಿಸಿಕೊಳ್ಳುತ್ತವೆ. ಆ ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಕಿಣ್ವದ ಜೀನ್ ನಮ್ಮಲ್ಲಿ ಕೆಟ್ಟು ಕೂತಿದೆ. ಕೆಟ್ಟದ್ದು ಸುಮಾರು 6 ಕೋಟಿ ವರ್ಷಗಳ ಹಿಂದೆ, ನಮಗೂ ಮಂಗಗಳಿಗೂ ಒಬ್ಬನೇ ಪೂರ್ವಜನಿದ್ದ ಕಾಲದಲ್ಲಿ. ಹಣ್ಣು, ಚಿಗುರು ತಿಂದೇ ಬದುಕುತ್ತಿದ್ದ ಆ ಪ್ರಾಣಿಗೆ ಅದರ ನಷ್ಟ ತಟ್ಟಲೇ ಇಲ್ಲ. ತಟ್ಟಿದ್ದು ಬಹಳ ತಡವಾಗಿ, ತಾಜಾ ಆಹಾರವಿಲ್ಲದೆ ತಿಂಗಳುಗಟ್ಟಲೆ ಪ್ರಯಾಣ ಮಾಡುವುದನ್ನು ಮನುಷ್ಯ ಕಲಿತಾಗ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ಹಿಡಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಚಿಕಿತ್ಸೆ ಕೊಟ್ಟ. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಇಬ್ಬರು ವಾರದೊಳಗೆ ಎದ್ದು ನಿಂತರು.

ಎರಡು ಮೂರು ದಿನದ ಚಾರಣದಲ್ಲಿ ಯಾರಿಗೂ ಸ್ಕರ್ವಿ ಬರುವುದಿಲ್ಲ. ಮೈಯಲ್ಲಿ ಸುಮಾರು ಒಂದೂವರೆ ಗ್ರಾಂ ವಿಟಮಿನ್ ಸಿ ದಾಸ್ತಾನು ಇರುತ್ತದೆ. ಅದು ಕರಗಿ ವಸಡು ಊದಿಕೊಳ್ಳಲು ಒಂದರಿಂದ ಮೂರು ತಿಂಗಳು ಬೇಕು. ಆದರೆ ತಿಂಗಳುಗಟ್ಟಲೆ ನಡೆಯುವವರಿಗೆ ಈ ಲೆಕ್ಕ ನಿಜಕ್ಕೂ ಮುಖ್ಯ. ಅಮೆರಿಕದ ಅಪಲೇಚಿಯನ್ ಟ್ರೇಲ್ ಸುಮಾರು 3,500 ಕಿಲೋಮೀಟರ್ ಉದ್ದದ ಕಾಲುದಾರಿ. ಜಾರ್ಜಿಯಾದಿಂದ ಮೇಯ್ನ್‌ವರೆಗೆ ಅದನ್ನು ಪೂರ್ತಿ ನಡೆಯುವವರಿಗೆ ಐದರಿಂದ ಏಳು ತಿಂಗಳು ಹಿಡಿಯುತ್ತದೆ. ಬೆನ್ನಿನ ಮೇಲಿರುವುದು ನೂಡಲ್ಸ್, ಓಟ್ಸ್, ಕಡಲೆಕಾಯಿ ಬೆಣ್ಣೆಯಂಥ ಒಣ ಸರಕು. ಆದರೂ ಅವರದೊಂದು ಭಾಗ್ಯವಿದೆ. ಮಾರ್ಚ್, ಏಪ್ರಿಲಿನಲ್ಲಿ ದಕ್ಷಿಣದಿಂದ ಹೊರಟವರು ಜುಲೈ, ಆಗಸ್ಟಿನ ಹೊತ್ತಿಗೆ ಉತ್ತರದ ಬೆಟ್ಟಗಳನ್ನು ಮುಟ್ಟುತ್ತಾರೆ. ಅಲ್ಲಿ ಬಂಡೆಗಳ ನಡುವೆ ಮೊಳಕಾಲೆತ್ತರದ ಗಿಡಗಳಲ್ಲಿ ಬ್ಲೂಬೆರಿ ಹಣ್ಣಾಗುವುದು ಸರಿಯಾಗಿ ಆಗಲೇ. ಅಲ್ಲಿನ ಬೀಜ ಹಿಮದ ಕೆಳಗೆ ಮಲಗಿ ವಸಂತಕ್ಕೆ ಏಳುವಂಥದ್ದು, ಹಾಗಾಗಿ ಹಣ್ಣು ಬೇಸಿಗೆಯ ಕೊನೆಗೆ ಬಂದರೂ ಅಡ್ಡಿಯಿಲ್ಲ. ನಡೆಯುವವರ ಕಾಲವೂ ಹಣ್ಣಿನ ಕಾಲವೂ ಅಲ್ಲಿ ಒಂದೇ. ಚಳಿಗಾಲದ ನಿದ್ರೆಗೆ ಮೊದಲು ಮೈ ತುಂಬಿಸಿಕೊಳ್ಳುವ ಕಪ್ಪು ಕರಡಿಗಳ ಕಾಲವೂ ಅದೇ ಆದ್ದರಿಂದ ಪೊದೆಗೆ ಕೈ ಹಾಕುವ ಮೊದಲು ಗಟ್ಟಿಯಾಗಿ ಮಾತಾಡುವುದು ಅಲ್ಲಿನ ರೂಢಿ.

ಹಣ್ಣು ತಿಂದೇ ದಾರಿ ಸಾಗಿಸುತ್ತೇನೆ ಎನ್ನುವವರಿಗೆ ಒಂದು ಮಾತು ಹೇಳಲೇಬೇಕು. ಆಗುವುದಿಲ್ಲ. ಹೊರೆ ಹೊತ್ತು ಬೆಟ್ಟ ಏರುವಾಗ ಗಂಟೆಗೆ 400–500 ಕಿಲೋಕ್ಯಾಲರಿ ಖರ್ಚಾಗುತ್ತದೆ. ದಿನದ ಒಟ್ಟು ಖರ್ಚು 3,500 ದಾಟುವುದು ಸಾಮಾನ್ಯ. ನೂರು ಗ್ರಾಂ ನೇರಳೆಯಲ್ಲಿ ಸಿಗುವುದು ಸುಮಾರು 60. ಅಷ್ಟೇ ತೂಕದ ಕಡಲೆಕಾಯಿ ಬೀಜದಲ್ಲಿ 560ರ ಆಸುಪಾಸು. ಬರೀ ನೇರಳೆಯಿಂದ ದಿನ ದೂಡಬೇಕಾದರೆ ಆರು ಕಿಲೋ ತಿನ್ನಬೇಕು, ಅಷ್ಟು ಹೊತ್ತಿಗೆ ಹೊಟ್ಟೆ ಕೈಕೊಟ್ಟಿರುತ್ತದೆ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸನ್ನು ಹೀರುವ ಶಕ್ತಿ ಕರುಳಿಗೆ ಒಂದು ಮಿತಿಯವರೆಗೆ ಮಾತ್ರ. ಮಿತಿ ಮೀರಿದ್ದು ದೊಡ್ಡ ಕರುಳಿಗೆ ಜಾರಿ, ನೀರನ್ನು ಎಳೆದುಕೊಂಡು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಔತಣವಾಗುತ್ತದೆ. ಹಣ್ಣಿನ ಮರ ಕಂಡ ಕಡೆಯೆಲ್ಲ ಹೊಟ್ಟೆ ಬಿರಿಯೆ ತಿಂದವರು ಮಧ್ಯಾಹ್ನದ ಏರಿನಲ್ಲಿ ಪದೇ ಪದೇ ಪೊದೆ ಹುಡುಕುವುದಕ್ಕೆ ಕಾರಣ ಇದು.

ಬುತ್ತಿಯ ಜೊತೆಗೆ ಸ್ವಲ್ಪ ಸ್ವಲ್ಪವಾಗಿ ತಿಂದರೆ ಅದೇ ಫ್ರಕ್ಟೋಸ್ ಉಪಕಾರಿ. ಗ್ಲೂಕೋಸ್ ಕರುಳಿನ ಗೋಡೆಯನ್ನು ದಾಟುವ ದಾರಿ ಬೇರೆ, ಫ್ರಕ್ಟೋಸ್ ದಾಟುವ ದಾರಿ ಬೇರೆ. ಬರೀ ಗ್ಲೂಕೋಸ್ ಕೊಟ್ಟರೆ ಗಂಟೆಗೆ ಸುಮಾರು 60 ಗ್ರಾಂ ಬಳಕೆಗೆ ಬರುತ್ತದೆ, ಎರಡೂ ಸೇರಿದರೆ 90 ಗ್ರಾಂವರೆಗೆ ಹೋಗಬಹುದು ಎಂಬುದನ್ನು ಕ್ರೀಡಾ ವಿಜ್ಞಾನ ತೋರಿಸಿಕೊಟ್ಟಿದೆ. ಅವಲಕ್ಕಿಯ ಜೊತೆ ಬಾಳೆಹಣ್ಣು ಕಿವುಚಿಕೊಂಡು ತಿನ್ನುವವರು ಎರಡೂ ದಾರಿಗಳನ್ನು ಬಳಸಿಕೊಂಡಂತೆಯೇ.

ಇನ್ನೊಂದು ಸಂಗತಿಯನ್ನು ಕಣ್ಣಾರೆ ನೋಡಬೇಕಾದರೆ ಶಿವರಾತ್ರಿಯ ಹಿಂದಿನ ದಿನಗಳಲ್ಲಿ ಚಾರ್ಮಾಡಿ ಘಾಟಿಗೆ ಹೋಗಬೇಕು. ಬೆಂಗಳೂರು, ಮಂಡ್ಯ, ಹಾಸನದ ಕಡೆಗಳಿಂದ ಧರ್ಮಸ್ಥಳಕ್ಕೆ ನಡೆದುಬರುವ ಸಾವಿರಾರು ಜನ ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುತ್ತಿರುತ್ತಾರೆ. ಕರ್ನಾಟಕದ ದೀರ್ಘ ಚಾರಣ ಎಂದರೆ ನನ್ನ ಮಟ್ಟಿಗೆ ಇದೇ. ಕಾಲಿಗೆ ಬಟ್ಟೆ ಸುತ್ತಿಕೊಂಡವರು, ಚಪ್ಪಲಿ ಕೈಯಲ್ಲಿ ಹಿಡಿದವರು, ಹೆಗಲಿಗೆ ಒಂದೇ ಒಂದು ಚೀಲ. ರಸ್ತೆ ಬದಿಯಲ್ಲಿ ಶಾಮಿಯಾನ ಹಾಕಿ ಊರವರು ಮಜ್ಜಿಗೆ, ಪಾನಕ, ಹಣ್ಣು ಕೊಡುತ್ತಿರುತ್ತಾರೆ. ದೊಡ್ಡ ಪರಾತದಲ್ಲಿ ಹೆಚ್ಚಿಟ್ಟ ಕಲ್ಲಂಗಡಿ ಹೋಳುಗಳು, ಪಕ್ಕದ ಬಟ್ಟಲಿನಲ್ಲಿ ಉಪ್ಪು. "ಅಕ್ಕಾ, ಉಪ್ಪು ಹಚ್ಕೊಂಡು ತಿನ್ನಿ, ಸುಸ್ತು ಇಳಿಯುತ್ತೆ" ಎಂದು ಹುಡುಗನೊಬ್ಬ ನಡೆದು ಬಂದವರಿಗೆಲ್ಲ ಒತ್ತಾಯ ಮಾಡುತ್ತಿದ್ದ. ಅವನ ಮಾತಿನಲ್ಲಿ ಶರೀರಶಾಸ್ತ್ರದ ಇಡೀ ಪಾಠವಿತ್ತು. ಕಲ್ಲಂಗಡಿಯ ನೂರು ಪಾಲಿನಲ್ಲಿ 92 ಪಾಲು ನೀರು, ಸುಮಾರು ಆರು ಪಾಲು ಸಕ್ಕರೆ, ಜೊತೆಗೆ ಪೊಟ್ಯಾಸಿಯಂ. ಸೋಡಿಯಂ ಮಾತ್ರ ಇಲ್ಲವೇ ಇಲ್ಲ ಎನ್ನಬಹುದು. ಬೆವರಿನಲ್ಲಿ ನಾವು ಕಳೆದುಕೊಳ್ಳುವುದು ಮುಖ್ಯವಾಗಿ ಸೋಡಿಯಂ, ಲೀಟರಿಗೆ ಸರಾಸರಿ ಒಂದು ಗ್ರಾಂ. ಪೊಟ್ಯಾಸಿಯಂ ಹೋಗುವುದು ಅದರ ಐದನೇ ಒಂದು ಪಾಲಿನಷ್ಟು. ಹಣ್ಣು ನೀರನ್ನೂ ಸಕ್ಕರೆಯನ್ನೂ ಕೊಡುತ್ತದೆ, ಅದರಲ್ಲಿಲ್ಲದ ಒಂದನ್ನು ಚಿಟಿಕೆ ಉಪ್ಪು ತುಂಬಿಕೊಡುತ್ತದೆ. ಕರುಳಿನಲ್ಲಿ ಗ್ಲೂಕೋಸ್ ಒಳಗೆ ಹೋಗುವುದೂ ಸೋಡಿಯಂನ ಜೊತೆಯಲ್ಲೇ. ಓಆರ್‌ಎಸ್ ಪೊಟ್ಟಣ ಕೆಲಸ ಮಾಡುವುದು ಇದೇ ಸೂತ್ರದ ಮೇಲೆ. ಮಾವಿನಕಾಯಿಗೆ, ನೆಲ್ಲಿಗೆ, ಸೀಬೆಗೆ ಉಪ್ಪುಖಾರ ಹಚ್ಚುವ ನಮ್ಮ ಅಭ್ಯಾಸ ನಡೆಯುವವರಿಗೆ ಹೇಳಿ ಮಾಡಿಸಿದ್ದು.

ಇನ್ನು ಏಪ್ರಿಲ್, ಮೇ ತಿಂಗಳ ಕಾಡಿಗೆ ಬರೋಣ. ಈ ಹೊತ್ತಿನಲ್ಲಿ ಕಾಡಿನ ಅಂಚಿನ ಊರುಗಳ ನಡುವೆ ಕಾಲುದಾರಿಯಲ್ಲಿ ನಡೆಯುವುದು ಸುಖ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಏನನ್ನೂ ಕೀಳದಿರುವುದೇ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೆ ಹೇಳುತ್ತದೆ, ಅಲ್ಲಿನ ಹಣ್ಣಿಗೆ ಬೇರೆ ವಾರಸುದಾರರೂ ಇದ್ದಾರೆ. ಆದರೆ ಊರ ಬೆಟ್ಟ, ಹಾಡಿ, ಕಾನಿನ ಅಂಚು, ಗೇರುಗುಡ್ಡೆಗಳಲ್ಲಿ, ಮನೆಯವರನ್ನು ಒಂದು ಮಾತು ಕೇಳಿ ತಿನ್ನಲು ಬೇಕಾದಷ್ಟಿರುತ್ತದೆ. ಚೂರಿಮುಳ್ಳಿನ ಬಿಳಿ ಹಣ್ಣು, ಕಾಂಡದ ತುಂಬ ಮುಳ್ಳಿರುವ ಹಣ್ಣುಸಂಪಿಗೆಯ ಕೆಂಪು ಗೋಲಿಗಳು, ಕರಾವಳಿ ಗುಡ್ಡಗಳಲ್ಲಿ ಗೇರುಹಣ್ಣು, ಆಮೇಲೆ ನೇರಳೆ. ಮುರುಗಲನ್ನು ತಿನ್ನುವ ಬಗೆಯೇ ಬೇರೆ. ಕಡುಗೆಂಪು ಸಿಪ್ಪೆಯನ್ನು ಎರಡು ಹೋಳು ಮಾಡಿ, ಒಳಗಿನ ಬಿಳಿ ತಿರುಳಿನ ಬೀಜಗಳನ್ನು ಬಾಯಿಗೆ ಹಾಕಿ ಚೀಪಬೇಕು. ಸಿಪ್ಪೆಯನ್ನು ಎಸೆಯಬಾರದು; ಬಾಟಲಿಯ ನೀರಿಗೆ ಹಾಕಿ, ತುಸು ಬೆಲ್ಲ ಉಪ್ಪು ಸೇರಿಸಿದರೆ ಮುಂದಿನ ಏರಿಗೆ ಪಾನಕ ಸಿದ್ಧ. ಹುಳಿ ಮಾತ್ರ ಬಲು ಜೋರು. ಹಲ್ಲು ಜುಮ್ಮೆನ್ನುವುದು ಆಮ್ಲ ಎನಾಮೆಲ್ ಪದರವನ್ನು ಮೆತ್ತಗಾಗಿಸುವುದರಿಂದ. ಕೂಡಲೇ ಬಾಯಿ ಮುಕ್ಕಳಿಸಬೇಕು, ಆದರೆ ಅರ್ಧ ಗಂಟೆಯಾದರೂ ಹಲ್ಲುಜ್ಜಬಾರದು.

ಈ ತಿಂಗಳುಗಳಲ್ಲೇ ಅಪಾಯವೂ ಹೆಚ್ಚು. ಯಾವುದನ್ನು ತಿನ್ನಬಹುದು ಎಂಬುದಕ್ಕೆ ನಡೆಯುವವರ ನಡುವೆ ನಾಲ್ಕಾರು ಸುಲಭ ಸೂತ್ರಗಳು ಓಡಾಡುತ್ತವೆ. ಹಾಲು ಸುರಿಯುವ ಕಾಯಿ ವಿಷ ಎನ್ನುತ್ತಾರೆ. ಕವಳಿ ಕಾಯಿ ಕಿತ್ತರೆ ತೊಟ್ಟಿನಿಂದ ಬಿಳಿ ಹಾಲು ಸುರಿದು ಬೆರಳಿಗೆ ಅಂಟುತ್ತದೆ. ಅದರ ಕಾಯಿ ನಮ್ಮ ಉಪ್ಪಿನಕಾಯಿಗೆ ಬೀಳುತ್ತದೆ, ಹಣ್ಣು ಮಕ್ಕಳ ಬಾಯಿಗೆ ಬೀಳುತ್ತದೆ. ಹಾಗಿದ್ದರೆ ಕವಳಿಯ ನೆಂಟರೆಲ್ಲ ಸಾಧುಗಳೋ ಎಂದರೆ, ಅದೇ ಕುಟುಂಬದ ಕಣಗಿಲೆ ಹೃದಯವನ್ನೇ ನಿಲ್ಲಿಸಬಲ್ಲ ವಿಷ. ಮಾವು, ಗೇರುಗಳ ಕುಟುಂಬವೂ ಹೀಗೆಯೇ. ಮಾವಿನ ತೊಟ್ಟಿನ ಸೊನೆ ತಾಗಿ ತುಟಿ ಸುಟ್ಟುಕೊಳ್ಳದವರು ಕಡಿಮೆ. ಗೇರುಬೀಜದ ಹಸಿ ಸಿಪ್ಪೆಯ ಎಣ್ಣೆ ಬೊಬ್ಬೆ ಎಬ್ಬಿಸುತ್ತದೆ, ಕಾಡಿನ ಹೊಲಗೇರು ಮರದ ರಸ ತಾಗಿದರೆ ಮೈಯೆಲ್ಲ ಊದಿಕೊಳ್ಳುವವರಿದ್ದಾರೆ. ಅದೇ ಕುಟುಂಬದ ಎರಡು ಹಣ್ಣುಗಳನ್ನು ನಾವು ಪ್ರೀತಿಯಿಂದ ತಿನ್ನುತ್ತೇವೆ.

ಹಕ್ಕಿ ತಿಂದದ್ದನ್ನು ನಾವೂ ತಿನ್ನಬಹುದು ಎಂಬ ಸೂತ್ರ ಎಲ್ಲಕ್ಕಿಂತ ಅಪಾಯಕಾರಿ. ಕಾಸರಕದ ಮರವನ್ನು ಮಲೆನಾಡು, ಕರಾವಳಿಯ ಕಾಡುಗಳಲ್ಲಿ ಯಾರು ಬೇಕಾದರೂ ನೋಡಬಹುದು. ಹಣ್ಣು ಗುಂಡಗೆ, ನುಣ್ಣಗೆ, ಪುಟ್ಟ ಕಿತ್ತಳೆಯಂತೆ ಹೊಳೆಯುತ್ತದೆ. ಮಂಗಟ್ಟೆ ಹಕ್ಕಿ ಅದರ ತಿರುಳನ್ನು ತಿಂದು ಬೀಜವನ್ನು ಇಡಿಯಾಗಿ ಹೊರಹಾಕುತ್ತದೆ. ಅಂಗಿಯ ಗುಂಡಿಯ ಹಾಗೆ ಚಪ್ಪಟೆಯಾಗಿ, ರೇಷ್ಮೆಯಂಥ ರೋಮ ಹೊತ್ತ ಆ ಬೀಜದೊಳಗೆ ಸ್ಟ್ರಿಕ್ನೀನ್ ಇದೆ. ಮಿದುಳುಬಳ್ಳಿಯಲ್ಲಿ ಸ್ನಾಯುಗಳಿಗೆ ಸಾಕು ನಿಲ್ಲು ಎಂದು ಹೇಳುವ ಸಂದೇಶವನ್ನು ಅದು ತಡೆಯುತ್ತದೆ. ಇಡೀ ಮೈ ಸೆಟೆದು ಉಸಿರು ನಿಲ್ಲುತ್ತದೆ. ಹಣ್ಣು ಅಗಿದು ತಿನ್ನುವ ಪ್ರಾಣಿಗೂ ನುಂಗಿ ಸಾಗಿಸುವ ಹಕ್ಕಿಗೂ ಮರ ಬೇರೆ ಬೇರೆ ಉತ್ತರ ಇಟ್ಟುಕೊಂಡಿರುತ್ತದೆ. ನಾವು ಅಗಿಯುವವರು.

ಮಂಗ ತಿಂದರೆ ಸರಿ ಎನ್ನುವವರು ಯಾವ ಮಂಗ ಎಂದು ಕೇಳಿಕೊಳ್ಳಬೇಕು. ಕೋತಿಯ ಹೊಟ್ಟೆ ಹೆಚ್ಚುಕಡಿಮೆ ನಮ್ಮದರಂತೆಯೇ. ಮುಸುವನ ಹೊಟ್ಟೆ ಹಾಗಲ್ಲ. ಅದು ಹಲವು ಕೋಣೆಗಳ ಹೊಟ್ಟೆ, ದನದ ಹೊಟ್ಟೆಯಲ್ಲಿರುವಂತೆ ಅಲ್ಲೂ ಬ್ಯಾಕ್ಟೀರಿಯಾಗಳಿವೆ. ಎಲೆಯ ನಾರನ್ನು ಕರಗಿಸುವ ಅವು ಸಾಕಷ್ಟು ವಿಷಗಳನ್ನೂ ಮುರಿದುಹಾಕುತ್ತವೆ. ಆದ್ದರಿಂದಲೇ ಮುಸುವ ಬಲಿಯದ ಕಾಯಿಗಳನ್ನು ಧೈರ್ಯವಾಗಿ ತಿನ್ನುತ್ತದೆ. ಅದರ ಊಟ ನೋಡಿ ನಾವು ಎಲೆ ಹಾಕಿ ಕೂರುವಂತಿಲ್ಲ. ಇದರ ಮೇಲೆ ಮಂಗ ಅರ್ಧ ತಿಂದು ಬಿಸಾಡಿದ ಹಣ್ಣಿನ ತಂಟೆಗೂ ಹೋಗಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ, ಅದರ ಹಂಗಾಮು ಡಿಸೆಂಬರಿನಿಂದ ಮೇವರೆಗೆ. ಮಂಗಗಳು ಸೇರುವ ಹಣ್ಣಿನ ಮರದ ಬುಡದಲ್ಲಿ ತರಗೆಲೆಯ ಮೇಲೆ ಕೂತು ತಿನ್ನುವುದೇ ಉಣುಗು ಹತ್ತಿಸಿಕೊಳ್ಳುವ ಸುಲಭದ ದಾರಿ. ಬಾವಲಿ ಕಚ್ಚಿದ ಹಣ್ಣನ್ನು ಮುಟ್ಟಬಾರದೆಂಬ ಎಚ್ಚರವಂತೂ 2018ರಲ್ಲಿ ಕೋಝಿಕೋಡಿನಲ್ಲಿ ನಿಪಾ ಕಾಣಿಸಿಕೊಂಡ ಮೇಲೆ ಎಲ್ಲರಿಗೂ ಗೊತ್ತಿದೆ.

ಹಾಗಾಗಿ ನಾನು ನಂಬುವ ಸೂತ್ರ ಒಂದೇ. ಆ ಊರಿನವರು ಹೆಸರು ಹಿಡಿದು ಕರೆಯುವ, ತಮ್ಮ ಮಕ್ಕಳಿಗೆ ತಿನ್ನಲು ಬಿಡುವ ಹಣ್ಣನ್ನು, ಅವರು ತಿನ್ನುವ ರೀತಿಯಲ್ಲೇ ತಿನ್ನಬೇಕು. ರೀತಿ ಎಂಬುದು ಹಣ್ಣಿನ ಹೆಸರಿನಷ್ಟೇ ಮುಖ್ಯ. ಯಾವುದನ್ನು ಚೀಪಿ ಉಗುಳಬೇಕು, ಯಾವುದರ ಸಿಪ್ಪೆ ಬಿಡಬೇಕು, ಯಾವುದನ್ನು ಪೂರ್ತಿ ಕಪ್ಪಾದ ಮೇಲೆ ಮಾತ್ರ ಮುಟ್ಟಬೇಕು ಎಂಬುದನ್ನು ದನ ಕಾಯುವ ಅಜ್ಜ, ಸೌದೆಗೆ ಹೋಗುವ ಅಮ್ಮ ಬೆರಳು ತೋರಿಸಿ ಹೇಳಿಕೊಡುತ್ತಾರೆ. ಗಿಡ ಗುರುತಿಸುವ ಮೊಬೈಲ್ ಆ್ಯಪ್ ಹೆಸರನ್ನು ಊಹಿಸಬಹುದು, ತಿನ್ನುವ ರೀತಿಯನ್ನು ಕಲಿಸುವುದಿಲ್ಲ.

ಕಾಡಿನಲ್ಲಿ ಸಿಗದ ಕಾಲಕ್ಕೆ ಮನೆಯಿಂದಲೇ ಹಣ್ಣು ಒಯ್ಯಬೇಕಾಗುತ್ತದೆ. ಇಲ್ಲಿ ಹಣ್ಣಿನ ಉಸಿರಾಟದ ವಿಷಯ ಗೊತ್ತಿದ್ದರೆ ಅನುಕೂಲ. ಬಾಳೆ, ಮಾವು, ಸಪೋಟ, ಪಪ್ಪಾಯಿಗಳು ಕಿತ್ತ ಮೇಲೂ ಹಣ್ಣಾಗುತ್ತವೆ. ಎಥಿಲೀನ್ ಅನಿಲವನ್ನು ತಾವೇ ಬಿಡುತ್ತಾ, ಆ ಅನಿಲದಿಂದಲೇ ಇನ್ನಷ್ಟು ಚುರುಕಾಗಿ, ಮೆತ್ತಗಾಗುತ್ತವೆ; ಬಾಳೆ, ಮಾವು ಪಿಷ್ಟವನ್ನು ಸಕ್ಕರೆಯನ್ನೂ ಮಾಡಿಕೊಳ್ಳುತ್ತವೆ. ಕಿತ್ತಳೆ, ಮೂಸಂಬಿ, ದ್ರಾಕ್ಷಿ, ಅನಾನಸುಗಳು ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ. ನಾಲ್ಕು ದಿನದ ನಡಿಗೆಗೆ ಹೊರಡುವವರು ಮೊದಲ ದಿನಕ್ಕೆ ಹಣ್ಣಾದ ಬಾಳೆ, ಮೂರನೇ ದಿನಕ್ಕೆ ದೋರೆ ಸಪೋಟ, ಕೊನೆಗೆ ಮೂಸ‌ಂಬಿ ಎಂದು ಲೆಕ್ಕ ಹಾಕಿಕೊಳ್ಳಬಹುದು. ಬಾಳೆಯನ್ನು ಉಳಿದವುಗಳ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಅದರ ಎಥಿಲೀನ್ ದೋರೆ ಸಪೋಟವನ್ನೂ ಅವಧಿಗೆ ಮೊದಲೇ ಹಣ್ಣು ಮಾಡಿಬಿಡುತ್ತದೆ. ಜಜ್ಜಿದ ಹಣ್ಣು ಕಪ್ಪಾಗುವುದು, ಒಡೆದ ಜೀವಕೋಶಗಳಿಂದ ಹೊರಬಂದ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಮಾಡುವ ಕೆಲಸ. ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ, ಹುಳಿ ವಾಸನೆ ಬಂದರೆ ಕೆಟ್ಟಿತು.

ಯಾವ ತಿಂಗಳಿಗೂ ಕಟ್ಟುಬೀಳದ ಹಣ್ಣೊಂದು ಕಾಡಿನಲ್ಲಿದೆ: ಅತ್ತಿ. ಹಳ್ಳದ ದಂಡೆಯಲ್ಲಿ, ಕಾಂಡಕ್ಕೇ ಗೊಂಚಲು ಗೊಂಚಲಾಗಿ ಕೆಂಪು ಹಣ್ಣು ಹಿಡಿದು ನಿಂತಿರುತ್ತದೆ. ಒಂದು ಮರ ಕಾರ್ತಿಕದಲ್ಲಿ ಹಣ್ಣಾದರೆ ಅರ್ಧ ಮೈಲಿಯಾಚೆಯ ಮರ ಫಾಲ್ಗುಣದಲ್ಲಿ. ಇದಕ್ಕೆ ಕಾರಣ ಬೀಜವಲ್ಲ, ಅದರ ಪರಾಗ ಒಯ್ಯುವ ಸಾಸಿವೆ ಕಾಳಿಗಿಂತ ಚಿಕ್ಕದಾದ ಕಣಜ. ಬೆಳೆದ ಹೆಣ್ಣು ಕಣಜದ ಆಯಸ್ಸು ಒಂದೆರಡು ದಿನ. ಒಂದು ಮರದ ಅತ್ತಿಯಿಂದ ಹೊರಬಿದ್ದ ಕೂಡಲೇ ಇನ್ನೊಂದು ಮರದಲ್ಲಿ ಎಳೆಯ ಅತ್ತಿ ಸಿಗದಿದ್ದರೆ ಅದರ ಸಂತತಿಯೇ ಮುಗಿಯಿತು, ಅದಿಲ್ಲದೆ ಅತ್ತಿಯ ಸಂತತಿಯೂ ಮುಗಿಯಿತು. ಹಾಗಾಗಿ ಕಾಡಿನಲ್ಲಿ ವರ್ಷದ ಪ್ರತಿ ವಾರವೂ ಎಲ್ಲೋ ಒಂದು ಅತ್ತಿ ಮರ ಕಾಯಿ ಬಿಡುತ್ತಿರಲೇಬೇಕು. ಬೇರೇನೂ ಹಣ್ಣಿಲ್ಲದ ತಿಂಗಳುಗಳಲ್ಲಿ ಮಂಗಟ್ಟೆ, ಕುಟ್ರುಹಕ್ಕಿ, ಸಿಂಗಳೀಕಗಳು ನೆಚ್ಚಿಕೊಂಡಿರುವುದು ಅತ್ತಿ, ಆಲ, ಬಸರಿಗಳ ಈ ಬಳಗವನ್ನೇ. ಒಳಗೆ ಹುಳ ಇದೆಯೇ ಎಂದು ಬಿಡಿಸಿ ನೋಡಿ, ಇಲ್ಲದ್ದನ್ನು ಆರಿಸಿಕೊಂಡರೆ ನಡೆಯುವವರೂ ತಿನ್ನಬಹುದು. ರುಚಿ ಸಾಧಾರಣ, ಆದರೆ ಅಕ್ಟೋಬರಿನ ಚಾರಣಿಗರಿಗೆ ದಾರಿಯಲ್ಲಿ ಸಿಗುವ ಭರವಸೆಯ ಹಣ್ಣು ಇದೇ. ಎರಡು ಮೂರು ತಿಂದು, ಉಳಿದದ್ದನ್ನು ಮರದಲ್ಲೇ ಬಿಟ್ಟು ಮುಂದೆ ಹೋಗಬೇಕು. ನಾವು ಒಯ್ದ ಕಿತ್ತಳೆ, ಬಾಳೆಯ ಸಿಪ್ಪೆಯನ್ನು ಮಾತ್ರ ಅಲ್ಲಿ ಬಿಡಬಾರದು, ವಾಪಸು ಚೀಲಕ್ಕೆ ಹಾಕಿಕೊಳ್ಳಬೇಕು. ಶಿಖರಗಳ ಮೇಲಿನ ಕೋತಿಗಳು ಕಾಡಿನ ಹಣ್ಣು ಬಿಟ್ಟು ಚಾರಣಿಗರ ಚೀಲಕ್ಕೆ ಕೈ ಹಾಕುವುದನ್ನು ಕಲಿತದ್ದು ಇಂಥ ಸಿಪ್ಪೆಗಳಿಂದಲೇ. ಕೋತಿ ಅತ್ತಿ ಮರಕ್ಕೆ ಹೋಗದಿದ್ದರೆ ಅತ್ತಿಯ ಬೀಜ ಸಾಗಿಸುವವರಲ್ಲಿ ಒಬ್ಬರು ಕಡಿಮೆಯಾದಂತೆ.